ಇಪ್ಪತ್ತೆರಡನೇ ನಂಬರಿನ ಜಾಗ

ಏಪ್ರಿಲ್ 3, ಗುರುವಾರ. ಬೆಳಿಗ್ಗೆ 7:10

ನನ್ನ ಗಂಡ ಲೆನ್ನಿಯನ್ನು ಒಳಗೆ ಕೂರಿಸಿ ಬಂದೆ. ಕಿಟಕಿ ಪಕ್ಕದ ಕುರ್ಚಿ ಸಿಕ್ಕಿತು, ಇವತ್ತು ಅದೃಷ್ಟ. ಡಯಾಲಿಸಿಸ್ ಮುಗಿಯಲು ಇನ್ನು ನಾಲ್ಕು ಗಂಟೆ. ಮಂಗಳವಾರ, ಗುರುವಾರ, ಶನಿವಾರ — ಮಿಲ್ವಾಕೀ ಪಟ್ಟಣದ ಈ ಕಾಯುವ ಕೋಣೆಯ ಟೈಲ್ಸ್ ಎಷ್ಟಿವೆ ಅಂತ ಬಾಯಿಪಾಠ ಆಗಿದೆ.

ನಿನ್ನೆ ನಾರ್ಬ್ ಫೋನ್ ಮಾಡಿದ್ದ. ಲೆನ್ನಿಯ ಅಣ್ಣ. ಜುಲೈಯಲ್ಲಿ ಮನೆಯವರೆಲ್ಲ ಸೇರಿ ಒಂದು ವಾರ ಮಾಡುವ ಕ್ಯಾಂಪಿಗೆ ಉತ್ತರದ ಸರೋವರದಲ್ಲಿ ಜಾಗ ನೋಡುತ್ತಿದ್ದಾನಂತೆ. ಇಲ್ಲಿಂದ ನಾಲ್ಕೂವರೆ ಗಂಟೆ ದಾರಿ. "ನೀವು ಈ ವರ್ಷಾನೂ ಬರಲ್ಲ ಅಂತ ಲೆಕ್ಕ ಹಾಕ್ಕೊಂಡಿದೀನಿ, ಸರಿ ತಾನೆ?" ಅಂದ. ಲೆನ್ನಿ "ಸರಿ" ಅಂದ. ಅಷ್ಟೇ. ಫೋನ್ ಇಟ್ಟ ಮೇಲೆ ಎದುರಿನ ಗೋಡೆ ನೋಡುತ್ತಾ ಕೂತ. ಟಿವಿ ಹಾಕಲಿಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ.

ಮೂವತ್ತೊಂದು ವರ್ಷ ಆ ಒಂದು ವಾರವನ್ನು ತಪ್ಪಿಸಿರಲಿಲ್ಲ. ಮೂತ್ರಪಿಂಡ ಕೈಕೊಟ್ಟ ಮೇಲೆ ಎರಡು ಜುಲೈ ಹೋದವು. ಇದು ಮೂರನೆಯದು.

ಇಲ್ಲ. ಇದು ಹೋಗಬಾರದು.

ಏಪ್ರಿಲ್ 6, ಭಾನುವಾರ

ಎಲ್ಲರಿಗೂ ಮೆಸೇಜ್ ಹಾಕಿದೆ. ಈ ವರ್ಷ ಕ್ಯಾಂಪು ಮಿಲ್ವಾಕೀ ಹತ್ತಿರ. ಡಯಾಲಿಸಿಸ್‌ಗೆ ಮುಕ್ಕಾಲು ಗಂಟೆಯೊಳಗೆ ತಲುಪುವಂಥ ಜಾಗ ನಾನೇ ಹುಡುಕುತ್ತೇನೆ.

ಎರಡು ನಿಮಿಷದಲ್ಲಿ ನಾರ್ಬ್ ಫೋನು.

"ಊರ ಮಗ್ಗುಲಲ್ಲಿ ಟೆಂಟ್ ಹಾಕೋದಾ? ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು, ನಮ್ಮ ಹಿತ್ತಿಲಲ್ಲೇ ಹಾಕೋಣ."

"ಸರೋವರ ಇರೋ ಜಾಗಾನೇ ಹುಡುಕ್ತೀನಿ."

"ಹುಡುಕು. ಪಿಕಪ್ ಹಿಂದೆ ಕಟ್ಟೋ ನಿಮ್ಮ ಟ್ರೇಲರ್ ಮನೆ ಯಾರು ಎಳೀತಾರೆ? ಲೆನ್ನಿಗೆ ಕಣ್ಣು ಸರಿಯಾಗಿ ಕಾಣಲ್ಲ. ನೀನಂತೂ ಕಾರನ್ನೇ ಗ್ಯಾರೇಜಿಂದ ಮೂರು ಸಲ ಹಿಂದೆ ಮುಂದೆ ಮಾಡಿ ತೆಗೀತೀಯ."

"ಅದು ನನ್ನ ತಲೆನೋವು."

"ಮೇ ಹದಿನೈದರವರೆಗೆ ಕಾಯ್ತೀನಿ ವರ್ನಾ. ಜಾಗ ಸಿಕ್ಕಿದ್ರೆ ಬರ್ತೀನಿ. ಇಲ್ಲಾಂದ್ರೆ ನಾವು ಉತ್ತರಕ್ಕೆ."

ಬೇಕಾದದ್ದು ಇಷ್ಟೇ. ಟ್ರೇಲರಿಗೆ ಕರೆಂಟು — ಲೆನ್ನಿಯ ಇನ್ಸುಲಿನ್ ಫ್ರಿಜ್ಜಿನಲ್ಲಿರಬೇಕು, ಸೆಕೆ ಹೆಚ್ಚಾದರೆ ಅವನಿಗೆ ತಲೆಸುತ್ತು. ಪಕ್ಕದಲ್ಲೇ ಟೆಂಟಿಗೆ ಎರಡು ಜಾಗ — ಒಂದು ಮಗಳು ಟೆಸ್ ಮತ್ತು ಅವಳ ಹುಡುಗಿಯರಿಗೆ, ಒಂದು ನಾರ್ಬ್‌ಗೆ. ಟೆಂಟ್ ಬಿಟ್ಟು ಬೇರೆ ಕಡೆ ಮಲಗುವುದು ಕ್ಯಾಂಪಿಂಗೇ ಅಲ್ಲ ಅನ್ನುತ್ತಾನೆ ಮಹಾರಾಯ.

ಲೆನ್ನಿಗೆ ಹೇಳಿದೆ. ಸಂಜೆ ಟ್ರೇಲರಿನ ಸುತ್ತ ಒಂದು ಸುತ್ತು ನಡೆದು ಬಂದ. ಟೈರು ಒದ್ದು ನೋಡಿದ.

ಏಪ್ರಿಲ್ 13, ಭಾನುವಾರ

ಮೊದಲನೆಯದು. ಇಂಟರ್ನೆಟ್ಟಿನ ಫೋಟೋದಲ್ಲಿ ಬರೀ ಮರ, ಜಿಂಕೆ. ಹೋಗಿ ನೋಡಿದರೆ ಮರದ ಹಿಂದೆ ಹೈವೇ. ನನ್ನ ಪದ್ಧತಿ: ಕುರ್ಚಿ ಹಾಕಿ ಹತ್ತು ನಿಮಿಷ ಸುಮ್ಮನೆ ಕೂರುವುದು. ಆಮೇಲೆ ಶೌಚಾಲಯ ನೋಡುವುದು. ಹತ್ತು ನಿಮಿಷದಲ್ಲಿ ಐವತ್ತೆಂಟು ಲಾರಿ. ಶೌಚಾಲಯದವರೆಗೆ ಹೋಗಲೇ ಇಲ್ಲ.

ಏಪ್ರಿಲ್ 27, ಭಾನುವಾರ

ಇವತ್ತು ಎರಡು. ಲೆನ್ನಿಯೂ ಬಂದಿದ್ದ.

ಒಂದರಲ್ಲಿ ಸರೋವರ ಕನ್ನಡಿಯ ಹಾಗಿತ್ತು. ಆದರೆ ಕರೆಂಟಿರುವ ಟ್ರೇಲರುಗಳು ಗುಡ್ಡದ ಮೇಲೆ, ಟೆಂಟಿನವರು ಅರ್ಧ ಮೈಲಿ ಕೆಳಗೆ. ನಡುವೆ ಮೆಟ್ಟಿಲು. ಎಣಿಸಿದೆ, ಅರವತ್ತನಾಲ್ಕು. ಬೆಳಿಗ್ಗೆ ಕಾಫಿಗೆ ಮೊಮ್ಮಕ್ಕಳು ಹತ್ತಿ ಬರಬೇಕೋ, ಲೆನ್ನಿ ಇಳಿದು ಹೋಗಬೇಕೋ? ಮನೆಯವರನ್ನೆಲ್ಲ ಸೇರಿಸಿ ಬೇರೆ ಬೇರೆ ಕೂರಿಸುವುದಕ್ಕೆ ಕ್ಯಾಂಪು ಯಾಕೆ.

ಇನ್ನೊಂದು ದೊಡ್ಡ ಬಸ್ಸಿನಂಥ ಮನೆಗಳವರದ್ದು. ನೆಲಕ್ಕೆಲ್ಲ ಸಿಮೆಂಟು. ಸ್ವೆಟರ್ ಹಾಕಿದ ನಾಯಿಗಳು. ಆಫೀಸಿನಲ್ಲಿದ್ದ ಹುಡುಗಿ "ಇಲ್ಲಿ ಟೆಂಟ್ ಹಾಕೋ ಹಾಗಿಲ್ಲ ಮೇಡಂ, ನೋಡೋಕೆ ಚೆನ್ನಾಗಿರಲ್ಲ" ಅಂದಳು.

ವಾಪಸ್ ಬರುವಾಗ ಲೆನ್ನಿ, "ನಾರ್ಬ್‌ನ ಟೆಂಟ್ ನೋಡೋಕೆ ಚೆನ್ನಾಗಿಲ್ಲ ಅನ್ನೋದು ನಿಜಾನೇ" ಅಂದ. ತಿಂಗಳ ಮೇಲೆ ಅವನು ಮಾಡಿದ ಮೊದಲ ತಮಾಷೆ.

ಮೇ 4, ಭಾನುವಾರ. ಸಂಜೆ

ಸಿಕ್ಕಿತು.

ಮೇಪಲ್ ಬೆಂಡ್. ಕೌಂಟಿ ಸರ್ಕಾರದ ಸಣ್ಣ ಕ್ಯಾಂಪ್ ಪಾರ್ಕು. ಡಯಾಲಿಸಿಸ್ ಬಾಗಿಲಿನಿಂದ ಗೇಟಿಗೆ ನಲವತ್ತೊಂದು ನಿಮಿಷ, ಗಡಿಯಾರ ಹಿಡಿದು ನೋಡಿದೆ. ಹತ್ತು ನಿಮಿಷ ಕೂತೆ. ಒಂದು ದೋಣಿ, ಎರಡು ಕೊಕ್ಕರೆ. ಶೌಚಾಲಯ ನನ್ನ ಅಡುಗೆಮನೆಗಿಂತ ಚೊಕ್ಕ.

ಪಾರ್ಕು ನೋಡಿಕೊಳ್ಳುವಾಕೆ ಬರ್ನೀಸ್. ಎಪ್ಪತ್ತರ ಹತ್ತಿರ, ಕೈಯಲ್ಲಿ ಎಲೆ ಬಾಚುವ ಕುಂಟೆ. ಜುಲೈ ವಾರ ಕೇಳಿದ್ದಕ್ಕೆ ನಕ್ಕರು. "ಜನವರಿಯಲ್ಲೇ ತುಂಬಿಹೋಯ್ತು." ಆಮೇಲೆ ಸ್ವಲ್ಪ ತಡೆದು — "ಇಪ್ಪತ್ತೆರಡನೇ ನಂಬರ್ ಖಾಲಿ ಇದೆ. ಕರೆಂಟಿದೆ. ಪಕ್ಕದ ಇಪ್ಪತ್ಮೂರು, ಇಪ್ಪತ್ನಾಲ್ಕು ಟೆಂಟಿಂದು, ಅದರ ಜೊತೆಗೇ ಕೊಡೋದು, ಅವೂ ಖಾಲಿ. ಆದರೆ ಇಪ್ಪತ್ತೆರಡನ್ನ ಯಾರೂ ತಗೊಳ್ಳಲ್ಲಮ್ಮ."

"ಯಾಕೆ?"

"ಬನ್ನಿ ತೋರಿಸ್ತೀನಿ."

ಹೋಗಿ ನೋಡಿದೆ. ನೀರಿಗೆ ಹತ್ತೇ ಹೆಜ್ಜೆ. ಇಡೀ ಪಾರ್ಕಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಒಳಗೆ ಹೋಗುವ ಕಡೆ ಎರಡು ಓಕ್ ಮರ. ದಾರಿ ಅಲ್ಲೇ ತಿರುಗುತ್ತದೆ, ತಿರುಗಿ ಇಳಿಯುತ್ತದೆ. ಟ್ರೇಲರನ್ನು ಹಿಂದಕ್ಕೆ ಬಿಟ್ಟುಕೊಂಡೇ ಒಳಗೆ ಹೋಗಬೇಕು. ಎಡಗಡೆಯ ಓಕಿನ ಮೈಮೇಲೆ ಬಿಳಿ, ನೀಲಿ, ಬೆಳ್ಳಿ ಬಣ್ಣದ ಗೀರುಗಳು.

"ಹೋದ ವರ್ಷ ಒಬ್ಬರು ಟ್ರೇಲರಿನ ಬಾಗಿಲನ್ನೇ ಕಳಚಿಟ್ಟು ಹೋದರು" ಅಂದರು ಬರ್ನೀಸ್. "ಮೂವತ್ತು ವರ್ಷ ಲಾರಿ ಓಡಿಸಿದ ಗಂಡಸು."

ಟೇಪು ಹಿಡಿದೆ. ಮರದಿಂದ ಮರಕ್ಕೆ ಹನ್ನೊಂದು ಅಡಿ. ನಮ್ಮ ಟ್ರೇಲರ್ ಎಂಟು.

ಮೂರೂ ಜಾಗಕ್ಕೆ ಹೆಸರು ಬರೆಸಿ ಬಂದೆ. ನಾರ್ಬ್‌ಗೆ ಫೋಟೋ ಕಳಿಸಿದೆ — ನೀರಿನದ್ದು ಮಾತ್ರ.

ಮೇ 11, ಭಾನುವಾರ

ತಾಯಂದಿರ ದಿನ. ಟೆಸ್ ಹೂ ತಂದಳು. ನಾನು ಬಕೆಟ್ ಕೇಳಿದೆ.

ಎರಡು ವರ್ಷದ ಹಿಂದಿನವರೆಗೆ ನಾನು ಅಡುಗೆ ಮಾಡುತ್ತಿದ್ದ ಶಾಲೆಯ ಪಾರ್ಕಿಂಗ್. ಭಾನುವಾರ ನರಪಿಳ್ಳೆ ಇರುವುದಿಲ್ಲ. ಉಪ್ಪಿನಕಾಯಿಯ ಖಾಲಿ ಬಕೆಟ್ ನಾಲ್ಕು, ಹನ್ನೊಂದು ಅಡಿ ಅಂತರದಲ್ಲಿ ಇಟ್ಟೆವು. ಪಿಕಪ್ಪಿಗೆ ಟ್ರೇಲರ್ ಕಟ್ಟಿಕೊಂಡು ನಾನು. ದೂರದಲ್ಲಿ ಕುರ್ಚಿಯ ಮೇಲೆ ಲೆನ್ನಿ. ಅವನಿಗೆ ಕಾಣುವುದು ಅಂದಾಜು ಆಕಾರ ಮಾತ್ರ, ಆದರೆ ಟೈರಿನ ಸದ್ದಿನಲ್ಲೇ ಎಲ್ಲ ಗೊತ್ತಾಗುತ್ತದೆ.

"ಕೈ ಸ್ಟೇರಿಂಗಿನ ಮೇಲಿಡಬೇಡ, ಕೆಳಗಿಡು. ಟ್ರೇಲರ್ ಯಾವ ಕಡೆ ಹೋಗ್ಬೇಕೋ ಕೈ ಆ ಕಡೆ ತಗೊಂಡು ಹೋಗು. ಯೋಚನೆ ಮಾಡಬೇಡ."

ಯೋಚನೆ ಮಾಡಿದೆ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಪಿಕಪ್ ಒಂದು ದಿಕ್ಕು, ಟ್ರೇಲರ್ ಒಂದು ದಿಕ್ಕು. ಎರಡು ಬಕೆಟ್ ಚಪಾತಿಯಾದವು.

ಮೇ 18, ಭಾನುವಾರ

ಈ ಸಲ ಮೂರು ಬಕೆಟ್ ಬಲಿ.

ಮೇ 25, ಭಾನುವಾರ

ಜಗಳ. ಏಳನೇ ಸಲವೂ ಅಡ್ಡಕ್ಕೆ ತಿರುಗಿತು. ಲೆನ್ನಿ ಕೂಗಿದ. ನಾನೂ ಕೂಗಿದೆ. ಇಳಿದು ಬಾಗಿಲು ಬಡಿದೆ.

"ಸಾಕು ಬಿಡು ವರ್ನಾ. ನನಗೋಸ್ಕರ ನೀನು ಇಷ್ಟೆಲ್ಲ ಒದ್ದಾಡೋದು ನೋಡೋಕಾಗಲ್ಲ. ನಾರ್ಬ್ ಉತ್ತರಕ್ಕೆ ಹೋಗ್ಲಿ. ನಾನು ಮನೇಲಿರ್ತೀನಿ."

"ನಿನಗೋಸ್ಕರ ಅಂತ ಯಾರು ಹೇಳಿದ್ರು?"

ನನ್ನ ದನಿಯ ಕಡೆ ತಿರುಗಿದ.

"ಎರಡು ವರ್ಷದಿಂದ ನಾನು ನೋಡಿರೋದು ಆ ಕಾಯೋ ಕೋಣೆ, ಮೆಡಿಕಲ್ ಶಾಪು, ಇಷ್ಟೇ. ನನಗೆ ನೀರು ಬೇಕು, ಹೊಗೆ ಬೇಕು, ಸೊಳ್ಳೆ ಬೇಕಾದ್ರೂ ಕಚ್ಚಲಿ. ನನಗೆ ಬೇಕು ಲೆನ್ನಿ. ನೀನು ಬಂದ್ರೆ ಬಾ."

ಶಾಲೆಯ ಧ್ವಜದ ಹಗ್ಗ ಕಂಬಕ್ಕೆ ಬಡಿಯುತ್ತಿತ್ತು. ಆಮೇಲೆ ಅವನೇ ಎದ್ದು, ತಡವುತ್ತಾ, ಬಿದ್ದ ಬಕೆಟ್ಟನ್ನು ಎತ್ತಿ ನಿಲ್ಲಿಸಿದ.

"ನಿಧಾನ ಮಾಡು. ನೀನು ಯಾವಾಗಲೂ ಆತುರ. ಟ್ರೇಲರಿಗೆ ಆತುರ ಇಲ್ಲ."

ಜೂನ್ 15, ಭಾನುವಾರ

ಹೋಯಿತು. ಬಕೆಟ್ ಅಲುಗಲಿಲ್ಲ. ಆಕಸ್ಮಿಕ ಅಂದುಕೊಂಡು ಮತ್ತೆ ಮಾಡಿದೆ. ಮತ್ತೆ ಹೋಯಿತು. ಐದರಲ್ಲಿ ನಾಲ್ಕು.

ಲೆನ್ನಿ ಎದ್ದು ನಿಂತು ಟೋಪಿ ತೆಗೆದ. ಬರುವ ದಾರಿಯಲ್ಲಿ ಅರ್ಧ ಸಾಸೇಜು ತಿಂದ. ಉಪ್ಪು, ತಿನ್ನಬಾರದು — ನಾನೂ ನೋಡದ ಹಾಗಿದ್ದೆ.

ಜೂನ್ 27, ಶುಕ್ರವಾರ

ಬರೆಯದೆ ಹನ್ನೆರಡು ದಿನವಾಯಿತು. ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ಲೆನ್ನಿಯ ಕೈಯ ರಕ್ತನಾಳ ಮುಚ್ಚಿಕೊಂಡಿತು. ಮೂರು ದಿನ ಆಸ್ಪತ್ರೆ. ಇವತ್ತು ತೆರೆದುಕೊಂಡಿದೆ. ಮನೆಗೆ ಬಂದೆವು.

ನಾರ್ಬ್ ಫೋನು. ದನಿಯಲ್ಲಿ ಕೊಂಕಿಲ್ಲ, ಅದೇ ಕಷ್ಟವಾಯಿತು. "ರದ್ದು ಮಾಡ್ಬಿಡು. ಯಾರೂ ಏನೂ ಅಂದ್ಕೊಳ್ಳಲ್ಲ."

ರದ್ದು ಮಾಡೋಣ ಅಂತ ನನಗೂ ಅನ್ನಿಸಿತು. ಸುಳ್ಳೇಕೆ. ಡಾಕ್ಟರರನ್ನೇ ಕೇಳಿದ್ದೆ. "ಎಷ್ಟು ದೂರ?" ಅಂದರು. ನಲವತ್ತೊಂದು ನಿಮಿಷ ಅಂದೆ. "ನಮ್ಮ ಮನೆಯಿಂದ ಇಲ್ಲಿಗೆ ಬರೋಕೆ ನನಗೆ ಐವತ್ತು ಬೇಕು" ಅಂದರು. "ಹೋಗಿ ಬನ್ನಿ."

ನಾರ್ಬ್‌ಗೆ ಅದನ್ನೇ ಹೇಳಿದೆ.

ಜುಲೈ 13, ಭಾನುವಾರ. ಮಧ್ಯಾಹ್ನ 4

ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ಆದರೂ ಈಗಲೇ ಬರೆಯಬೇಕು.

ಎರಡು ಗಂಟೆಗೆ ತಲುಪಿದೆವು. ಟೆಸ್‌ಳ ಟೆಂಟು ಆಗಲೇ ಎದ್ದಿತ್ತು. ನಾರ್ಬ್‌ನದ್ದೂ. ಅವನು ಇಪ್ಪತ್ತೆರಡರ ಓಕಿನ ಗೀರುಗಳನ್ನು ನೋಡುತ್ತಾ ನಿಂತಿದ್ದ. ನಮ್ಮ ಪಿಕಪ್ ಕಂಡದ್ದೇ ಆಸುಪಾಸಿನ ಜಾಗದವರೆಲ್ಲ ಕುರ್ಚಿ ತಿರುಗಿಸಿಕೊಂಡರು. ಕ್ಯಾಂಪಿನಲ್ಲಿ ಇದಕ್ಕಿಂತ ಒಳ್ಳೆಯ ಆಟ ಇಲ್ಲ, ನಾವೂ ನೋಡಿದ್ದೇವೆ. ಬರ್ನೀಸ್ ಕುಂಟೆ ಊರಿಕೊಂಡು ನಿಂತರು.

"ಇಳಿ ವರ್ನಾ, ನಾನು ಬಿಡ್ತೀನಿ" ಅಂದ ನಾರ್ಬ್. "ಇದರಲ್ಲಿ ಮರ್ಯಾದೆ ಪ್ರಶ್ನೆ ಏನಿಲ್ಲ."

"ಪಕ್ಕಕ್ಕೆ ಹೋಗು ನಾರ್ಬ್. ಟೈರು ಕಾಲ ಮೇಲೆ ಹೋದೀತು."

ಮುಂದಕ್ಕೆ ಹೋಗಿ, ತಿರುವು ದಾಟಿಸಿ ನಿಲ್ಲಿಸಿದೆ. ಲೆನ್ನಿ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದ.

"ಏನಾದ್ರೂ ಹೇಳು" ಅಂದೆ.

"ಹೇಳೋದೇನಿಲ್ಲ. ಎಲ್ಲಾ ಗೊತ್ತಲ್ಲ ನಿನಗೆ."

ರಿವರ್ಸ್. ಕೈ ಕೆಳಗೆ. ಹೊರಗಿನಿಂದ ನಾರ್ಬ್ "ಬಲಕ್ಕೆ, ಬಲಕ್ಕೆ" ಅನ್ನುತ್ತಿದ್ದ. ಕಿಟಕಿ ಗಾಜು ಏರಿಸಿದೆ. ಟ್ರೇಲರಿನ ಹಿಂಬದಿ ಇಳಿಜಾರಿಗೆ ತಿರುಗಿತು. ಎಡ ಕನ್ನಡಿಯಲ್ಲಿ ಓಕ್ ದೊಡ್ಡದಾಗುತ್ತಾ ಬಂತು. ತೀರಾ ಹತ್ತಿರ. ನಿಲ್ಲಿಸಿದೆ. ಯಾರೋ "ಆಯ್ತು, ಸಿಕ್ಕಿಕೊಂಡ್ಳು" ಅಂದದ್ದು ಗಾಜಿನೊಳಗೂ ಕೇಳಿಸಿತು. ಎರಡು ಅಡಿ ಮುಂದೆ ಎಳೆದೆ. ಉಸಿರು ಬಿಟ್ಟೆ. ಮತ್ತೆ ಹಿಂದಕ್ಕೆ, ನಡಿಗೆಗಿಂತ ನಿಧಾನ. ಎಡದ ಮರ ಸರಿಯಿತು. ಬಲದ ಮರ ಸರಿಯಿತು. ಕನ್ನಡಿ ತುಂಬ ನೀರು.

ಬ್ರೇಕ್ ಹಾಕಿದೆ. ಲೆನ್ನಿ ಕಣ್ಣು ತೆರೆದು, "ಎಲೆ ಕೂಡ ತಾಗಲಿಲ್ಲ" ಅಂದ.

ಇಳಿದೆ. ಚಪ್ಪಾಳೆ. ಗುರುತಿಲ್ಲದವರದ್ದು. ಮೊಮ್ಮಗಳು ಜೋನಿ ಓಡಿ ಬಂದು ಸೊಂಟ ತಬ್ಬಿದಳು. ನಾರ್ಬ್ ಎಡಗಡೆಯ ಮರದ ಬಳಿ ಹೋಗಿ ಮರದಿಂದ ಟೈರಿನ ಗುರುತಿನವರೆಗೆ ಗೇಣು ಹಾಕಿದ. ಬಲಗಡೆಗೆ ಹೋಗಿ ಅಲ್ಲೂ ಹಾಕಿದ.

"ಎರಡು ಕಡೇನೂ ಒಂದೇ ಸಮ ಇದೆ" ಅಂದ, ಯಾರೋ ಅವನಿಗೆ ಮೋಸ ಮಾಡಿದ ಹಾಗೆ.

ಬರ್ನೀಸ್ ನನ್ನ ಬಳಿ ಬಂದು ಮೆಲ್ಲಗೆ, "ಆ ಲಾರಿಯವನ ವಿಳಾಸ ನನ್ನ ಹತ್ತಿರ ಇದೆ, ಒಂದು ಕಾಗದ ಬರೀಲಾ?" ಅಂದರು.

ಜುಲೈ 15, ಮಂಗಳವಾರ

ಐದಕ್ಕೆ ಎದ್ದು ಹೊರಟೆವು. ಆರಕ್ಕೆ ಕುರ್ಚಿ. ಹನ್ನೊಂದಕ್ಕೆ ವಾಪಸ್ — ಸರೋವರಕ್ಕೆ. ಲೆನ್ನಿ ನರ್ಸ್‌ಗಳಿಗೆಲ್ಲ ಹೇಳಿಕೊಂಡನಂತೆ, "ನಾನು ಕ್ಯಾಂಪಿಂದ ಬಂದಿದೀನಿ" ಅಂತ. ಬೂಟಿನ ಮಣ್ಣು ಒರೆಸಿರಲಿಲ್ಲ, ಬೇಕೆಂದೇ.

ಮಧ್ಯಾಹ್ನವೆಲ್ಲ ಓಕಿನ ಕೆಳಗೆ ನಿದ್ದೆ. ಬಾಯಿ ತೆರೆದುಕೊಂಡು. ಎರಡು ವರ್ಷದಿಂದ ಹೀಗೆ ಮಲಗಿದ್ದು ನೋಡಿಲ್ಲ. ಏಳುತ್ತಲೇ ಹಸಿವು ಅಂದ. ಅವನ ಬಾಯಲ್ಲಿ ಆ ಮಾತು.

ನಾರ್ಬ್ ಬೆಂಕಿ ಹಾಕಿದ. ಅಣ್ಣ ತಮ್ಮ ಇಬ್ಬರೂ ಒಂದು ತಾಸು ಒಂದೂ ಮಾತಾಡದೆ ಕೂತಿದ್ದರು. ಅವರಿಬ್ಬರಿಗೆ ಅದೇ ಹಬ್ಬ. ಎದ್ದು ಹೋಗುವಾಗ ನಾರ್ಬ್ ನನ್ನ ಹತ್ತಿರ ನಿಂತು, "ಉತ್ತರದ ಸರೋವರದಲ್ಲಿ ಇಷ್ಟು ಮೀನಿಲ್ಲ" ಅಂದ. ಸುಳ್ಳು. ಅಲ್ಲಿ ಇದರ ಹತ್ತರಷ್ಟಿದೆ. ಒಪ್ಪಿಕೊಂಡೆ.

ಜುಲೈ 18, ಶುಕ್ರವಾರ. ಬೆಳಿಗ್ಗೆ 10:30

ಕಾಫಿ ಎರಡನೇ ಸಲ. ಟೆಸ್ ಹುಡುಗಿಯರನ್ನು ಈಜಲು ಕರೆದುಕೊಂಡು ಹೋಗಿದ್ದಾಳೆ. ಬರ್ನೀಸ್ ಬಂದು ಮುಂದಿನ ಜುಲೈಗೂ ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ನಾಲ್ಕು ಬರೆದುಕೊಂಡು ಹೋದರು. ಹೆಸರು ಕೊಟ್ಟವನು ನಾರ್ಬ್. ನನ್ನನ್ನು ಕೇಳಲೂ ಇಲ್ಲ.

ಲೆನ್ನಿಯ ಮುಖಕ್ಕೆ ಬಿಸಿಲಿನ ಬಣ್ಣ ಬಂದಿದೆ. ನಿನ್ನೆ ನರ್ಸ್ ಕೂಡ...

ಯಾರೋ ಬಂದರು. ಹತ್ತೊಂಬತ್ತನೇ ಜಾಗಕ್ಕೆ ಈಗ ತಾನೇ ಬಂದ ಗಂಡ ಹೆಂಡತಿ. ಬಸ್ಸಿನಷ್ಟು ಉದ್ದದ ಟ್ರೇಲರ್, ದಾರಿಗೆ ಅಡ್ಡ ನಿಂತಿದೆ, ಹಿಂದೆ ಮೂರು ಗಾಡಿ ಕಾಯುತ್ತಿವೆ. ಆತನ ಕತ್ತೆಲ್ಲ ಬೆವರು. ನಾರ್ಬ್‌ನನ್ನು ಸಹಾಯ ಕೇಳಿದ.

ನಾರ್ಬ್ ಏಳಲಿಲ್ಲ. ಹೆಬ್ಬೆರಳಿನಲ್ಲಿ ನನ್ನ ಕಡೆ ತೋರಿಸಿ, "ಅದೆಲ್ಲ ನಮ್ಮ ಮನೇಲಿ ಅವಳ ಕೆಲಸ. ನಮ್ಮ ವರ್ನಾನ್ನೇ ಕೇಳಿ" ಅಂದ.

ಆತ ಕೀಲಿಕೈ ಚಾಚಿ ನಿಂತಿದ್ದಾನೆ. ಲೆನ್ನಿ ಆಗಲೇ ಎದ್ದು ಟೋಪಿ ಹಾಕಿಕೊಂಡ. ಹೋಗಿ ಬಂದು ಬರೆಯುತ್ತೇನೆ.