ಕೆಂಪು ಬೆಳಕಿನ ಪಾಠ

ನಿರ್ಮಲಾ,

ಇವತ್ತು ಪಿಯುಸಿ ಮಕ್ಕಳಿಗೆ ದ್ಯುತಿವಿದ್ಯುತ್ ಪರಿಣಾಮದ ಪಾಠ ಮಾಡಿದೆ. ಬೆಳಕು ಕಣಗಳಾಗಿ ಬಂದು ಲೋಹಕ್ಕೆ ತಾಕುತ್ತದೆ. ಸೋಡಿಯಂನಿಂದ ಎಲೆಕ್ಟ್ರಾನ್ ಹೊರಡಿಸಲು ನೇರಳೆ ಬೆಳಕಿನ ಒಂದು ಕಣ ಸಾಕು, ಕೆಂಪು ಬೆಳಕನ್ನು ಎಷ್ಟು ಸುರಿದರೂ ಆಗದು ಎಂದೆ.

"ವರ್ಷಗಟ್ಟಲೆ ಬಿಟ್ರೂನಾ ಸಾರ್?" ಎಂದು ಒಬ್ಬ ಹುಡುಗಿ ಕೇಳಿದಳು.

"ಬಿಟ್ರೂ ಇಲ್ಲ ಕಣಮ್ಮ."

"ಪಾಪ ಕಣ್ಲಾ, ಕೆಂಪು ಬೆಳಕು!" ಎಂದಿತು ಹಿಂದಿನ ಬೆಂಚು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನೀನು ದಂಡಿನಶಿವರದಲ್ಲಿದ್ದಾಗ ವಾರವಾರವೂ ನಿಮ್ಮ ಮನೆಗೆ ತೆಂಗಿನಕಾಯಿ ತರುತ್ತಿದ್ದೆ. ನಿನಗೆ ಬೇರೆ ಕಡೆ ಗಂಡು ಗೊತ್ತಾಗುವ ಮುಂಚೆ ಒಮ್ಮೆ ನೀನು ಬಾಗಿಲಲ್ಲಿ ನಿಂತು, "ಇಷ್ಟೊಂದು ಯಾಕ್ ತತ್ತೀಯ ರಂಗನಾಥ?" ಎಂದು ಕೇಳಿದೆ.

"ತೋಟದಲ್ಲಿ ಜಾಸ್ತಿ ಆಗವೆ," ಎಂದೆ.

ಆ ವರ್ಷ ನುಸಿರೋಗ ಬಂದು ನಮ್ಮ ತೋಟದ ಕಾಯಿ ನಮ್ಮ ಅಡುಗೆಗೇ ಸಾಲುತ್ತಿರಲಿಲ್ಲ. ನಿಮಗೆ ತಂದದ್ದೆಲ್ಲ ಸಂತೆಯಲ್ಲಿ ಕೊಂಡ ಕಾಯಿ.

ರಂಗನಾಥ