ಮೊದಲ ಲೋಡಿನ ಭಂಡಾರ

ಫೆ. 14, ಶುಕ್ರವಾರ. ಬೆಳಿಗ್ಗೆ 6.40. ಸವದತ್ತಿ

ಟೈರು ನೋಡಿಯಾಯಿತು. ಹಗ್ಗ ಎರಡು ಸಲ ಎಳೆದು ನೋಡಿದೆ. ನೀರು ಅರ್ಧ ಲೋಟ ಮಾತ್ರ. ನಿಪ್ಪಾಣಿಯ ಪೆಟ್ರೋಲ್ ಪಂಪಿನವರೆಗೆ ಹೆಂಗಸರಿಗೆ ಶೌಚಕ್ಕೆ ಹೋಗುವ ಜಾಗವಿಲ್ಲ. ಇದನ್ನು ಯಾವ ಡ್ರೈವಿಂಗ್ ಸ್ಕೂಲೂ ಕಲಿಸಲಿಲ್ಲ.

ಹದಿನಾರು ಟನ್ ಕಡಲೆ, ಮುನವಳ್ಳಿ ಕಡೆಯದು. ಬಿಕಾನೇರದ ಒಂದು ಬೇಳೆ ಮಿಲ್ಲಿಗೆ. ಸಾವಿರದ ಏಳುನೂರು ಕಿಲೋಮೀಟರ್. ಅಲ್ಲಿಯ ಹೊಸ ಕಡಲೆ ಮಾರ್ಚಿನಲ್ಲಿ ಬರುತ್ತದೆ, ಅಷ್ಟರೊಳಗೆ ನಮ್ಮದು ಮುಟ್ಟಬೇಕು.

ಹನ್ನೊಂದು ವರ್ಷ ಅಂದಾನೆಪ್ಪನವರ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕುಳಿತು ಬೇರೆಯವರ ಲಾರಿಗಳಿಗೆ ಚೀಟಿ ಬರೆದೆ. ಆಮೇಲೆ ಎರಡು ವರ್ಷ ಬೈಲಹೊಂಗಲ, ಕಿತ್ತೂರು, ರಾಮದುರ್ಗ ಅಂತ ಹತ್ತಿರದ ಲೋಡು ಓಡಿಸಿದೆ. ಪಕ್ಕದಲ್ಲಿ ಹಮಾಲರ ಹಿರಿಯ ಲಗಮಣ್ಣ. ಹಗ್ಗ ಬಿಗಿಯುವುದು, ರಿವರ್ಸ್ ಹಾಕುವುದು, ಎಲ್ಲ ಕಲಿಸಿದ್ದು ಅವನೇ. ಇವತ್ತು ಒಬ್ಬಳೇ. ನನ್ನ ಜೊತೆ ಕ್ಲೀನರ್ ಆಗಿ ಬರಲು ಯಾರೂ ಒಪ್ಪಲಿಲ್ಲ. ಒಪ್ಪಿದವರನ್ನು ಅಂದಾನೆಪ್ಪನವರು ಒಪ್ಪಲಿಲ್ಲ.

"ಮಾಲು ಇಳಿಸಿ, ರಸೀದಿ ಮ್ಯಾಲ ಸಹಿ ತಗೊಂಡು ಬರ್ರಿ ಗೌತಮಿಬಾಯಿ. ಗಾಡಿ ಕಾಯಂ ನಿಮ್ಮ ಕೈಯಾಗ ಕೊಡತೇನಿ. ಒಂದು ತಕರಾರು ಬಂತಂದ್ರ, ನಿಮ್ಮ ಕುರ್ಚಿ ಇಲ್ಲೇ ಐತಿ. ತೆಗದಿಲ್ಲ."

ಅಂದಾನೆಪ್ಪನವರು ಆಫೀಸಿನ ನನ್ನ ಕುರ್ಚಿಯನ್ನು ಕೈಯಿಂದ ತಟ್ಟಿ ತೋರಿಸಿದರು. ಆ ಕುರ್ಚಿಯಿಂದ ಕಾಣುವುದು ಒಂದು ಗೋಡೆ, ಒಂದು ಕ್ಯಾಲೆಂಡರ್.

ಅದೇ ದಿನ. 9.30. ರಸ್ತೆ ಬದಿ

ಬೆಳಿಗ್ಗೆ ಹಗ್ಗ ಕಟ್ಟುವ ಮೊದಲು ನಡೆದದ್ದು, ಬರೆದಿಡಬೇಕು ಅನ್ನಿಸಿತು. ಹೊಸ ಡ್ರೈವರ್ ಮೊದಲ ಸಲ ದೂರದ ಲೋಡು ಒಯ್ಯುವಾಗ ತಾಡಪತ್ರಿ ಮುಚ್ಚುವ ಮೊದಲು ಲೋಡಿನ ಮೇಲೆ ಎಲ್ಲಮ್ಮನ ಭಂಡಾರ ಉಗ್ಗಬೇಕು. ಡ್ರೈವರ್ ಕೈಯಿಂದಲೇ, ಉಧೋ ಅಂತ ತಾಯಿಯ ಜೈಕಾರ ಹಾಕುತ್ತ. ಲಗಮಣ್ಣ ಎಲ್ಲಮ್ಮನ ಗುಡ್ಡದ ಹತ್ತಿರದ ಉಗರಗೋಳದಿಂದ ಒಂದು ಪೊಟ್ಟಣ ಭಂಡಾರದ ಅರಿಶಿನ ತಂದಿದ್ದ. ಕೆಳಗೆ ನಿಂತ ಹಮಾಲರಲ್ಲಿ ಪರಶು ಬಾಯಿ ಬಿಟ್ಟ.

"ಕುಲಕರ್ಣ್ಯಾರ ಮನಿ ಬಾಯಾರು, ಇಂಗ್ಲಿಷ್ ಸಾಲಿ ಕಲತವ್ರು. ಉಧೋ ಅಂತಾರೋ, ಥ್ಯಾಂಕ್ಯೂ ಅಂತಾರೋ?"

ಎಲ್ಲರೂ ನಕ್ಕರು. ನಾನು ಲೋಡು ಹತ್ತಿದೆ. "ಉಧೋ ಉಧೋ" ಅಂದೆ, ಜೋರಾಗಿಯೇ. ಚಿಟಿಕೆ ಉಗ್ಗುವ ಬದಲು ಮೂಲೆಯ ಮೂರು ಚೀಲಗಳ ಹೊಲಿಗೆ ಬಿಚ್ಚಿ ಒಂದೊಂದು ಹಿಡಿ ಒಳಗೇ ಹಾಕಿದೆ.

"ಬಾಯಾರ, ಚೀಲದ ಬಾಯಿ ಬಿಚ್ಚಬ್ಯಾಡ್ರಿ. ಮ್ಯಾಲ ಉಗ್ಗಿದ್ರ ಆತು, ತಾಯಿಗೆ ಮುಟ್ಟತೈತಿ" ಅಂತ ಲಗಮಣ್ಣ ಎರಡು ಸಲ ಹೇಳಿದ. ಕೇಳಲಿಲ್ಲ. ಹಮಾಲರು ಶಿಳ್ಳೆ ಹೊಡೆದರು. ಅಂದಾನೆಪ್ಪನವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ನನಗೆ ನಂಬಿಕೆ ಇದೆಯೇ? ಇಲ್ಲ. ಹಾಗಾದರೆ ನಂಬುವವರಿಗಿಂತ ಹೆಚ್ಚು ಯಾಕೆ ಹಾಕಿದೆ?

ಫೆ. 15, ಶನಿವಾರ. ಮಧ್ಯಾಹ್ನ. ಸಾತಾರಾ ದಾಟಿ

ಡಾಬಾದಲ್ಲಿ ಇಳಿಯಲಿಲ್ಲ. ಕಿಟಕಿಯಿಂದಲೇ ಚಹಾ ತೆಗೆದುಕೊಂಡೆ. ಚಹಾ ಕೊಟ್ಟವನು ಸ್ಟಿಯರಿಂಗ್ ಹಿಡಿದು ಕುಳಿತ ನನ್ನನ್ನೇ ಕೇಳಿದ — ಡ್ರೈವರ್ ಎಲ್ಲಿ?

ಊಟಕ್ಕೆ ಹೋಗಿದ್ದಾನೆ, ಅಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತು. ಭಯವೇ? ಅಥವಾ ಬರೇ ಸುಸ್ತೇ?

ಫೆ. 17, ಸೋಮವಾರ. ಸಂಜೆ 6. ಪಾಲನ್‌ಪುರ

ಬೆನ್ನು ಸೆಟೆದಿದೆ. ಎರಡೂ ಬಾಗಿಲು ಲಾಕ್. ಕಿಟಕಿ ಎರಡು ಬೆರಳು ಮಾತ್ರ ತೆರೆದಿದ್ದೇನೆ. ಹೊರಗೆ ಮೂವರು ಕುಳಿತು ಬೀಡಿ ಸೇದುತ್ತಾ ನನ್ನ ಕ್ಯಾಬಿನ್ನನ್ನು ಟಿವಿಯಂತೆ ನೋಡುತ್ತಿದ್ದಾರೆ. ಪರದೆ ಎಳೆದರೆ ಸೆಕೆ. ಎಳೆಯದಿದ್ದರೆ ಅವರು.

ತಮ್ಮ ಕೌಶಿಕನ ಫೋನು.

"ಅಕ್ಕಾ, ಅವ್ವ ಎಲ್ಲಿದ್ದಿ ಅಂತ ಕೇಳ್ಲಿಕ್ಕೆ ಹತ್ಯಾಳ. ಧಾರವಾಡದಾಗ ಟ್ರೇನಿಂಗ್ ಅದ ಅಂತ ಹೇಳೀನಿ."

"ಆಕಿಗೆ ಗೊತ್ತದ ಕೌಶಿಕ. ಚಪಾತಿ ಕಟ್ಟಿ ಕೊಟ್ಟಾಕಿ ಆಕಿನೇ."

"ಆಕಿಗಲ್ಲ ಮಾರಾಯ್ತಿ, ಓಣಿಯವ್ರಿಗೆ. ಕೇಳಿದ್ರ ನೀನೂ ಹಂಗೇ ಹೇಳು."

ಇವನ ಮನೆಯಲ್ಲಿ ನನಗೊಂದು ಕೋಣೆ ಇದೆ. ಈ ಕ್ಯಾಬಿನ್ನಿನ ಮೂರು ಪಟ್ಟು ದೊಡ್ಡದು. ಅದರಿಂದ ಹೊರಬರಲು ಲೈಸೆನ್ಸ್ ಮಾಡಿಸಿ, ಎರಡು ವರ್ಷ ಕಲಿತು, ಇಲ್ಲಿಗೆ ಬಂದು ಕುಳಿತಿದ್ದೇನೆ.

ಗಾಡಿ ಓಡುವಾಗ ಹೀಗೆ ಅನ್ನಿಸುವುದಿಲ್ಲ. ನಿಂತರೆ ಮಾತ್ರ.

ಫೆ. 19, ಬುಧವಾರ. ಮಧ್ಯಾಹ್ನ 1. ಬಿಕಾನೇರ, ಮಿಲ್ಲಿನ ಅಂಗಳ

ಮುಟ್ಟಿದೆ! ತೂಕ ಸರಿ ಬಂತು. ಅಂದಾನೆಪ್ಪನವರಿಗೆ ಮೆಸೇಜು ಹಾಕಿದೆ.

ಆಮೇಲೆ ಸ್ಯಾಂಪಲ್ ತೆಗೆಯುವವನು ಲೋಡು ಹತ್ತಿದ. ಮುನ್ನೂರ ಇಪ್ಪತ್ತು ಚೀಲಗಳಲ್ಲಿ ಮೊದಲು ಮೂಲೆಯ ಚೀಲಕ್ಕೇ ಕಬ್ಬಿಣದ ಕೊಳವೆ ಚುಚ್ಚಿದ. ಕಡಲೆ ಅವನ ಅಂಗೈಗೆ ಉರುಳಿತು. ಅಂಗೈ ಹಳದಿಯಾಯಿತು.

"ಕಲರ್ ಹೈ" ಅಂದ.

ಮಿಲ್ಲಿನ ಲೆಕ್ಕ, ವ್ಯವಹಾರ ನೋಡುವ ಮುನೀಮರು ಬಂದರು. ಬಿಳಿ ಮೀಸೆ, ಮೆತ್ತಗಿನ ಮಾತು. ಬಣ್ಣ ಬೆರೆತ ಮಾಲು ಅಂತ ಅನುಮಾನ, ಲ್ಯಾಬಿಗೆ ಹೋಗಬೇಕು ಅಂದರು. ಇದು ಅರಿಶಿನ, ಪೂಜೆಯದು, ನಮ್ಮ ಕಡೆಯ ರೂಢಿ ಅಂತ ನನ್ನ ಹರುಕು ಹಿಂದಿಯಲ್ಲಿ ಹೇಳಿದೆ.

ಯಾರು ಹಾಕಿದರು? ಅಂತ ಕೇಳಿದರು.

"ಅಲ್ಲಿ ಹಾಕುತ್ತಾರೆ" ಅಂದೆ.

ಹಾಕುತ್ತಾರೆ. ಯಾರೋ.

ಗಾಡಿಯ ಕಾಗದ, ಕೀಲಿ ಎರಡೂ ಮುನೀಮರ ಡ್ರಾವರಿನಲ್ಲಿ.

ಫೆ. 21, ಶುಕ್ರವಾರ. ಬೆಳಿಗ್ಗೆ 11

ಹಿಂದೆ ಕಾಂಪೌಂಡ್ ಗೋಡೆ. ಎರಡೂ ಪಕ್ಕ ಲಾರಿ. ಇವತ್ತು ಎದುರಿಗೂ ಒಂದು ಬಂದು ನಿಂತಿತು. ಕೀಲಿ ಕೊಟ್ಟರೂ ಈಗ ಅಲುಗುವ ಹಾಗಿಲ್ಲ. ಬಾಗಿಲು ಅರ್ಧವೇ ತೆರೆಯುತ್ತದೆ. ಓರೆಯಾಗಿ ಇಳಿಯುತ್ತೇನೆ, ಓರೆಯಾಗಿ ಹತ್ತುತ್ತೇನೆ.

ಬೇಳೆ ಹಸನು ಮಾಡುವ ಹೆಂಗಸರು ತಮ್ಮ ಬಚ್ಚಲು ತೋರಿಸಿದರು. ಒಂದು ವಾರದ ಮೇಲೆ ಹೊಟ್ಟೆ ತುಂಬ ನೀರು ಕುಡಿದೆ.

ರಿಪೋರ್ಟು ನಾಳೆಯಂತೆ. ನಿನ್ನೆಯೂ ನಾಳೆ ಅಂದಿದ್ದರು.

ಲಗಮಣ್ಣನ ಫೋನು. ಇಲ್ಲಿಯ ತಕರಾರು ಅವನಿಗೆ ಯಾರೂ ಹೇಳಿಲ್ಲ.

"ಬಾಯಾರ, ಕಡ್ಲಿ ಮುಟ್ಟಿತೇನ್ರಿ?"

"ಮುಟ್ಟೇದ."

"ತಾಯಿ ಕೈ ಬಿಡೂದಿಲ್ರಿ. ಅಲ್ಲೆ ಒಂಟಿ ಅದಾವಂತಲ್ಲ? ಒಂದು ಫೋಟೋ ಕಳಸ್ರಿ. ನನ್ನ ಮೊಮ್ಮಗಳು ನೀಲಾ ದಿನಾ ಜೀವಾ ತಿನ್ನಾಕ್ಹತ್ತ್ಯಾಳ."

ಗೇಟಿನ ಹೊರಗೆ ಒಂಟೆಗಾಡಿ ನಿಂತಿತ್ತು. ಕಳಿಸಿದೆ. ಬೇರೇನೂ ಹೇಳಲಿಲ್ಲ.

ಫೆ. 22, ಶನಿವಾರ. ಮಧ್ಯಾಹ್ನ 3

ಮುನೀಮರು ಕರೆಸಿದರು. ಚಹಾ ತರಿಸಿದರು. ಲ್ಯಾಬಿನವರು ಅರಿಶಿನ ಅಂತಲೇ ಬರೆದಿದ್ದಾರೆ. ಆದರೂ ಮೂರು ಚೀಲ ಬೇರೆ ಇಡಬೇಕು, ಮಾಲಕರಿಗೆ ಕಾರಣ ತೋರಿಸಬೇಕು. ಅದಕ್ಕೆ ಒಂದು ಕಾಗದ. ಟೈಪಾಗಿ ತಯಾರಿತ್ತು, ಇಂಗ್ಲಿಷಿನಲ್ಲಿ. ನಾನು ಓದುತ್ತೇನೆ ಅಂತ ಅವರು ಎಣಿಸಿರಲಿಲ್ಲ. ಬೆರಳಿಟ್ಟು ಸಹಿಯ ಜಾಗ ತೋರಿಸಿದರು.

ಓದಿದೆ. ಡ್ರೈವರಿಗೆ ತಿಳಿಯದಂತೆ, ಲೋಡು ತುಂಬಿದ ಹಮಾಲರ ಮುಖ್ಯಸ್ಥ ಚೀಲ ಬಿಚ್ಚಿ ಪುಡಿ ಬೆರೆಸಿದ್ದಾನೆ, ಅಂತ ಬರೆದಿತ್ತು. ಅವನ ಹೆಸರಿಗೆ ಜಾಗ ಖಾಲಿ.

ಹೆಸರು ತುಂಬಿ ಸಹಿ ಹಾಕಿ ಬಹನ್‌ಜಿ, ನಾಳೆ ಬೆಳಿಗ್ಗೆಯೇ ಮಾಲು ಇಳಿಸುತ್ತೇವೆ. ಕೀಲಿ ನಿಮ್ಮ ಕೈಗೆ, ಅಂದರು ಮುನೀಮರು.

ಹೊರಗೆ ಬಂದು ಅಂದಾನೆಪ್ಪನವರಿಗೆ ಫೋನು ಹಚ್ಚಿ ಎಲ್ಲ ಹೇಳಿದೆ.

"ಬರದ ಕೊಡ್ರಿ ಅತ್ಲಾಗ. ಲಗಮಣ್ಣ ಅಂತ ಹಾಕ್ರಿ."

"ಸಾವ್ಕಾರ್ರ, ಹಾಕಿದಾಕಿ ನಾನು. ನೀವೂ ನೋಡೀರಿ."

"ನೋಡೇನ್ರಿ. ಅದಕ್ಕ ಹೇಳಾಕ್ಹತ್ತೇನಿ. ನಿಮ್ಮ ಹೆಸರು ಬಂತಂದ್ರ ಆ ಮಿಲ್ಲಿನವ್ರು ನಿಮ್ಮನ್ನ ಮತ್ತ ಗೇಟಿನೊಳಗ ಬಿಡೂದಿಲ್ಲ. ನಾ ಗಾಡಿ ಹೆಂಗ ಕೊಡ್ಲಿ?"

"ಮತ್ತ ಲಗಮಣ್ಣ?"

"ಒಬ್ಬಾಂವನ ತೆಗದೇನಿ ಅಂತ ಅವ್ರಿಗೆ ತೋರಸಬೇಕಾಗತೈತಿ. ವಯಸ್ಸೂ ಆಗೇತಿ ಅವಗ. ವಿಚಾರ ಮಾಡ್ರಿ."

ವಿಚಾರ ಮಾಡುತ್ತಿದ್ದೇನೆ. ನನಗೆ ಅದೊಂದು ಚೆನ್ನಾಗಿ ಬರುತ್ತದೆ. ಎಲ್ಲ ಕಡೆಯಿಂದ ವಿಚಾರ ಮಾಡಿ, ಕೊನೆಗೆ ಅನುಕೂಲವಾದ ಕಡೆ ಬಂದು ನಿಲ್ಲುವುದು. ಅಂವ ಮುದುಕ, ಇವತ್ತಲ್ಲ ನಾಳೆ ಬಿಡುವವನೇ... ನನ್ನ ಹಾಗೆ ಇನ್ನೊಬ್ಬ ಹೆಣ್ಣುಮಗಳಿಗೆ ಯಾರೂ ಗಾಡಿ ಕೊಡುವುದಿಲ್ಲ... ಭಂಡಾರ ತಂದದ್ದಂತೂ ಅವನೇ...

ನೋಡು, ಎಷ್ಟು ಬೇಗ ಮೂರು ಕಾರಣ ಸಿಕ್ಕವು.

ಫೆ. 23, ಭಾನುವಾರ. ಬೆಳಿಗ್ಗೆ 9.10

ಕಾಗದ ಸ್ಟಿಯರಿಂಗ್ ಮೇಲಿದೆ. ಹತ್ತಕ್ಕೆ ಮುನೀಮರು ಬರುತ್ತಾರೆ.

ಲಗಮಣ್ಣನ ವಾಯ್ಸ್ ಮೆಸೇಜು ಬಂದಿದೆ. ಮೂರು ಸಲ ಕೇಳಿದೆ. "ಬಾಯಾರ, ಒಂಟಿ ನೋಡಿ ನೀಲಾ ಏನ್ ಕೇಳ್ತಾಳ ಗೊತ್ತೇನ್ರಿ? ಇದಕ್ಕ ರಿವರ್ಸ್ ಗೇರ್ ಐತೇನು ಅಂತ! ನೀವ ಹೇಳ್ರಿ, ನನಗೇನ್ ಗೊತ್ತು." ಹಿಂದೆ ಒಂದು ಮಗು ನಗುವುದು ಕೇಳಿಸುತ್ತದೆ. ಆಮೇಲೆ ಅವನ ಕೆಮ್ಮು. ಆಮೇಲೆ, ತಗ್ಗಿದ ದನಿಯಲ್ಲಿ — "ರಿವರ್ಸ್ ಹಾಕೂವಾಗ ಎಡಗಡೆ ಕನ್ನಡಿ ಮರೀಬ್ಯಾಡ್ರಿ. ನಿಮಗ ಮೊದಲಿಂದ ಅದೊಂದು ಚಾಳಿ."

9.25

ಟೈಪ್ ಮಾಡಿದ ಸಾಲಿನ ಮೇಲೆ ಗೀಟು ಎಳೆದೆ. ಆ ಕುರ್ಚಿ ನೆನಪಾಯಿತು. ಗೋಡೆ, ಕ್ಯಾಲೆಂಡರ್.

ಕಾಗದದ ಹಿಂಬದಿಗೆ ಇಂಗ್ಲಿಷಿನಲ್ಲಿ ಎರಡು ಸಲ ಶುರು ಮಾಡಿದೆ. ಎರಡೂ ಸಲ ವಾಕ್ಯದಲ್ಲಿ ನಾನೇ ಇರಲಿಲ್ಲ, ಅರಿಶಿನ ತಾನಾಗಿಯೇ ಚೀಲಕ್ಕೆ ಬಿದ್ದಂತಾಯಿತು. ಮೊದಲು ಇಲ್ಲಿ ಕನ್ನಡದಲ್ಲಿ ಬರೆದು ನೋಡುತ್ತೇನೆ. ಮುನೀಮರ ಸ್ಕೂಟರಿನ ಸದ್ದು, ಬೇಗ ಬಂದರು.

ನಾನು, ಗೌತಮಿ ಕೃಷ್ಣಾಜಿ ಕುಲಕರ್ಣಿ, ಈ ಗಾಡಿಯ ಡ್ರೈವರ್. ಚೀಲದ ಬಾಯಿ ಬಿಚ್ಚಬೇಡಿ ಎಂದು ಲಗಮಣ್ಣ ಎರಡು ಸಲ ಹೇಳಿದ್ದರು. ಬಿಚ್ಚಿದವಳು ನಾನು.