ಸೈಕಲ್ ಕಡ್ಡಿಯ ಕೊಕ್ಕೆ

ಜೀವದ ಗೆಳೆಯ ಗೌಸನಿಗೆ ಈರಪ್ಪನ ಶರಣು, ಸಲಾಮು, ಎರಡೂ.

ನಿನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು, ಖಾರ ಮೆಲ್ಲುತ್ತಾ ನಿನ್ನ ಕೆಲಸ ನೋಡುತ್ತಿದ್ದ ಮಧ್ಯಾಹ್ನಗಳು ನೆನಪಿವೆಯಾ? ಹೊಲಿಗೆ ಯಂತ್ರ ರಿಪೇರಿ ಮಾಡುವವನ ಹತ್ತಿರ ಮೀನು ಹಿಡಿಯುವ ರೀಲುಗಳು ಯಾಕೆ ಬರುತ್ತವೆಂದು ಸವಣೂರಿನವರಿಗೆಲ್ಲ ಆಶ್ಚರ್ಯ. ಹಾನಗಲ್ಲಿನಿಂದ, ಶಿಗ್ಗಾಂವಿಯಿಂದ ಗಾಳದ ಹುಚ್ಚಿನವರು ಬಂದು, ತಿರುಗದೆ ಹಟ ಹಿಡಿದ ರೀಲನ್ನು ನಿನ್ನ ಮುಂದೆ ಇಡುತ್ತಿದ್ದರು. ಒಳಗೆ ಬಟಾಣಿಯಷ್ಟು ದೊಡ್ಡ ಬೇರಿಂಗು, ಕುಳಿಯೊಳಗೆ ಬಿಗಿಯಾಗಿ ಕೂತಿರುತ್ತದೆ. ಹಿಂದಿನಿಂದ ತಳ್ಳಲು ತೂತಿಲ್ಲ, ಮುಂದಿನಿಂದ ಹಿಡಿಯಲು ಜಾಗವಿಲ್ಲ. ನೀನು ಹಳೆಯ ಸೈಕಲ್ಲಿನ ಕಡ್ಡಿಯಿಂದ ಆಯಾ ರೀಲಿನ ಅಳತೆಗೇ ಕೊಕ್ಕೆ ಮಾಡುತ್ತಿದ್ದೆ. ಕೆಲಸ ಮುಗಿದ ಮೇಲೆ ಆ ಕೊಕ್ಕೆಯನ್ನೂ ರೀಲಿನ ಜೊತೆ ಅವರಿಗೇ ಕೊಟ್ಟುಬಿಡುತ್ತಿದ್ದೆ. "ಹತ್ಯಾರಾನೂ ಕೊಟ್ಟ್ರ ಮತ್ತ ಯಾರು ಬರ್ತಾರಲೇ ನಿನ್ನ ಕಡೆ?" ಎಂದು ನಾನು ರೇಗಿದರೆ, "ಬರಲಿಲ್ಲಂದ್ರ ರೀಲ್ ಚಲೋ ಐತಿ ಅಂತ ತಿಳ್ಕೊಂಡ್ರಾತು" ಎನ್ನುತ್ತಿದ್ದೆ. ಅದೆಂಥ ವ್ಯಾಪಾರವೋ ನಿನ್ನದು!

ಕೆರೆಗೆ ಹೋಗದ ದಿನವೂ ಸಂಜೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ನಿನ್ನ ರೀಲನ್ನು ಸುಮ್ಮನೆ ತಿರುಗಿಸುತ್ತಿದ್ದೆಯಲ್ಲ. ಆ ಕಿರ್ ಕಿರ್ ಸದ್ದಿಗೆ ಹಸೀನಾ ಭಾಬಿ ಒಳಗಿನಿಂದ ಬೈಯುವುದು, ನೀನು ಇನ್ನಷ್ಟು ಜೋರಾಗಿ ತಿರುಗಿಸುವುದು, ನನಗಂತೂ ಪುಕ್ಕಟೆ ನಾಟಕ. ನೀನು ಹೋದ ಮೇಲೆ ರೀಲು ಗೋಡೆಯ ಗೂಡು ಸೇರಿತು. ಮಳೆಗಾಲ ಬರುವ ಮುಂಚೆ ಕುಡುಗೋಲು, ಈಳಿಗೆ, ರೊಟ್ಟಿ ಹಂಚು, ಮನೆಯಲ್ಲಿರುವ ಕಬ್ಬಿಣಕ್ಕೆಲ್ಲ ಶೇಂಗಾ ಎಣ್ಣೆ ಹಚ್ಚಿಡುವುದು ನಮ್ಮ ಕಡೆಯ ಹೆಣ್ಣುಮಕ್ಕಳ ರೂಢಿ. ಭಾಬಿ ನಿನ್ನ ರೀಲಿಗೂ ಹಚ್ಚಿದರು. ಹೊರಗೆ ಹಚ್ಚಿದ್ದು ಸಾಲದೆಂದು, ತುಕ್ಕು ಹಿಡಿಯಬಾರದಲ್ಲ ಎಂದು, ತೂತು ಕಂಡಲ್ಲೆಲ್ಲ ಹನಿಸಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಆ ಎಣ್ಣೆ ಅಂಟಾಗಿ, ಧೂಳು ಹಿಡಿದು, ಬೇರಿಂಗು ಕಚ್ಚಿಕೊಂಡುಬಿಟ್ಟಿತು.

ನನ್ನ ವೀಳ್ಯದೆಲೆ ಅಂಗಡಿಗೆ ಭಾಬಿ ಬಂದ ಆ ಬೆಳಿಗ್ಗೆ ನಾನು ಎಲೆಗೆ ನೀರು ಚಿಮುಕಿಸುತ್ತಿದ್ದೆ. ಸೆರಗಿನೊಳಗಿಂದ ರೀಲು ತೆಗೆದು ಎಲೆಗಳ ಪಕ್ಕದಲ್ಲಿಟ್ಟರು. "ಈರಪ್ಪಣ್ಣಾರ, ಇವರು ಹ್ವಾದ ಮ್ಯಾಲೆ ಮನಿ ಬಾಳ ಸುಮ್ಮನ ಆಗೇತ್ರಿ. ಇದನ್ನರ ಒಂದೀಟ ತಿರುಗ್ಸೂಣು ಅಂತ ಕೈಯಾಗ ತಗೊಂಡ್ರ..." ಎಂದು ಹಿಡಿ ಒತ್ತಿ ತೋರಿಸಿದರು, ಅದು ಅಲುಗಲಿಲ್ಲ. ಆಮೇಲೆ ಮೆಲ್ಲಗೆ, "ಅವರ ಕೈಯಾಗ ಆಡಿದ್ದು ಇದೊಂದ ಉಳಿದಿತ್ತು. ಇದನ್ನೂ ನಾನ ಕೆಡಿಸಿದ್ನಿ ನೋಡ್ರಿ" ಎಂದರು. ನಿನ್ನ ಮಣ್ಣಿನ ದಿನವೂ ಗಟ್ಟಿಯಾಗಿದ್ದ ಹೆಂಗಸು ಗೌಸು, ಒಂದು ಬೇರಿಂಗಿಗಾಗಿ ಅಳುತ್ತಿದ್ದರು. ಹುಬ್ಬಳ್ಳಿಯ ಅಂಗಡಿಗಳಲ್ಲಿ ವಿಚಾರಿಸಿದೆ. ಈ ಮಾಡೆಲ್ ಈಗ ಬರುವುದಿಲ್ಲ, ಬಡಿದು ತೆಗೆಯಲು ಹೋದರೆ ರೀಲಿನ ಮೈಯೇ ಒಡೆಯುತ್ತದೆ, ಬಿಸಾಡಿ ಎಂದರು. ಬಿಸಾಡಿ ಅಂತ ನಾನು ಯಾವ ಬಾಯಿಂದ ಭಾಬಿಗೆ ಹೇಳಲಿ?

ಹಾನಗಲ್ಲಿನ ಬಸ್ ಡ್ರೈವರ್ ಪರಸಪ್ಪ ನಿನ್ನಿಂದ ಕೊಕ್ಕೆ ಒಯ್ದದ್ದು ಆಗ ನೆನಪಾಯಿತು. ಊರೂರಿನವರಿಗೆಲ್ಲ ಕೊಕ್ಕೆ ಹಂಚಿದವನು ನಿನ್ನ ರೀಲಿಗೆ ಒಂದನ್ನೂ ಮಾಡಿಟ್ಟಿರಲಿಲ್ಲ! ಅದು ಕೆಡಲು ನೀನು ಬಿಟ್ಟರೆ ತಾನೇ? ಹಾನಗಲ್ಲಿಗೆ ಹೋದೆ, ಪರಸಪ್ಪ ತನ್ನ ಕೊಕ್ಕೆಗಳನ್ನು ಕೊಟ್ಟ. ನಿನ್ನ ರೀಲಿಗೆ ಅವು ದಪ್ಪವಾದವು, ಆದರೆ ಹೇಗಿರಬೇಕೆಂದು ತಿಳಿಯಿತು. "ಎರಡ ಬೇಕ್ರಿ ಯಜಮಾನ್ರ. ಒಂದರಿಂದ ಜಗ್ಗಿದ್ರ ಬೇರಿಂಗ್ ಸೊಟ್ಟಾಗಿ ಅಲ್ಲೇ ಸಿಗಬೀಳ್ತೈತಿ ಅಂತ ಗೌಸಸಾಬ್ರು ಹೇಳಿದ್ರು" ಎಂದ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಕೊಕ್ಕೆಗಳನ್ನು ಬೆರಳಿನಿಂದ ಸವರುತ್ತಾ ಕೂತಿದ್ದೆ.

ಒಮ್ಮೆ ನನ್ನ ಕೈಗೆ ಅರ ಕೊಟ್ಟು ಉಜ್ಜಲು ಹೇಳಿ, ಆಮೇಲೆ ನೋಡಲಾರದೆ ಕಸಿದುಕೊಂಡಿದ್ದೆ: "ಬಿಡಲೇ ಮಾರಾಯ, ಎಲಿ ಎಣಿಸೋ ಕೈ ಇದು." ಆ ಕೈಯೇ ಈಗ ಒಲೆಯ ಮುಂದೆ ಕೂತು ಸೈಕಲ್ ಕಡ್ಡಿ ಕಾಸಿತು. ಕೆಂಪಾದ ತುದಿಯನ್ನು ಇಕ್ಕಳದಿಂದ ಬಾಗಿಸಿ, ಅವಸರಕ್ಕೆ ನೀರಿಗೆ ಅದ್ದಿದೆ. ಹಪ್ಪಳದಂತೆ ಮುರಿಯಿತು. ಆಮೇಲಿನದನ್ನು ತಾನಾಗಿಯೇ ಆರಲು ಬಿಟ್ಟೆ, ಮುರಿಯಲಿಲ್ಲ. ತುದಿಯನ್ನು ಉಗುರಿನಷ್ಟು ತೆಳುವಾಗುವ ತನಕ ಉಜ್ಜಿದೆ, ಬೇರಿಂಗಿನ ಅಡಿಯ ಕೂದಲೆಳೆ ಸಂದಿಯಲ್ಲಿ ಅದು ನುಸುಳಬೇಕಲ್ಲ. ನನ್ನ ಹೆಂಡತಿ ನೋಡಿ, ಗಂಡನಿಗೆ ಈ ವಯಸ್ಸಿನಲ್ಲಿ ತಲೆ ಕೆಟ್ಟಿತು ಎಂದುಕೊಂಡಳು. ಇದ್ದರೂ ಇರಬಹುದು.

ನಿನ್ನ ಅಂಗಳದಲ್ಲೇ ಕೂತೆವು, ನೀನು ಕೂರುತ್ತಿದ್ದ ಜಾಗದಲ್ಲಿ. ಪೆಟ್ರೋಲಿನಲ್ಲಿ ನೆನೆಸಿ ಅಂಟನ್ನು ಸಡಿಲ ಮಾಡಿದ್ದೆ. ಭಾಬಿ ಬಿಸಿನೀರು ತಂದರು. ರೀಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರಲ್ಲಿ ಮುಳುಗಿಸಿದೆವು, ಲೋಹ ತುಸು ಹಿಗ್ಗಲಿ ಎಂದು. ಬೇರಿಂಗಿನ ನಡುವಿನ ತೂತಿನಲ್ಲಿ ಕೊಕ್ಕೆಗಳನ್ನು ಇಳಿಸಿ, ಒಂದನ್ನು ಆ ಕಡೆ, ಒಂದನ್ನು ಈ ಕಡೆ ತಿರುಗಿಸಿ, ಜಾರಬಾರದೆಂದು ನಡುವೆ ಸಣ್ಣ ಮೊಳೆ ತೂರಿಸಿದೆ. ಇನ್ನು ಜಗ್ಗುವುದಷ್ಟೇ. ಕೈ ಏಳಲಿಲ್ಲ ಗೌಸು. ಒಡೆದರೆ?

"ಕೊಡ್ರಿ ಇಲ್ಲೆ, ನಾ ಜಗ್ತೀನಿ" ಎಂದರು ಭಾಬಿ. ಸೂಜಿಯಿಂದ ದಾರ ಎಳೆಯುವ ಹಾಗೆ, ಅವಸರವಿಲ್ಲದೆ, ಎರಡೂ ಕಡ್ಡಿಗಳನ್ನು ನೇರ ಮೇಲಕ್ಕೆ ಎಳೆದರು. ಟಕ್ ಎಂದಿತು. ಕಪ್ಪು ಅಂಟು ಮೆತ್ತಿದ ಬೇರಿಂಗು ಅವರ ಅಂಗೈಯಲ್ಲಿತ್ತು. ತೊಳೆದು, ಒಂದು ಹನಿ ಮಷಿನ್ ಎಣ್ಣೆ ಬಿಟ್ಟು ಮತ್ತೆ ಕೂರಿಸಿದೆವು. ಹಿಡಿ ತಿರುಗಿಸಿದರೆ ಕಿರ್ ಕಿರ್ ಕಿರ್... ಭಾಬಿ ಹೊಸ್ತಿಲ ಮೇಲೆ ಕೂತು ಅತ್ತರು. ನನ್ನಿಂದಲೂ ತಡೆಯಲಾಗಲಿಲ್ಲ.

ಕಳೆದ ವಾರ ಭಾಬಿ ಕೇಳಿದರು, "ಇದರ ಗಾಳ ನೀರಾಗ ಒಗಿಯೂದು ಹ್ಯಾಂಗ್ರಿ?" ಮೀನು ಮುಟ್ಟದ ನಾನು ಗುರು, ಮೀನು ಹಿಡಿಯದ ಅವರು ಶಿಷ್ಯೆ, ಇಬ್ಬರೂ ಕೆರೆ ಏರಿಯ ಮೇಲೆ ನಿಂತೆವು. ದಾರ ನೀರಿಗಿಂತ ಹೆಚ್ಚು ಜಾಲಿಗಿಡಕ್ಕೇ ಸಿಕ್ಕಿಕೊಂಡಿತು, ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಬಿಸಿಲೇರಿ, ಇನ್ನು ಮನೆಗೆ ಹೋಗೋಣ ಎನ್ನುವ ಹೊತ್ತಿಗೆ ಗಾಳದ ಕೋಲು ಬಾಗಿತು, ರೀಲು ಹುಚ್ಚೆದ್ದು ಕೂಗಿತು. ಭಾಬಿ ಎರಡೂ ಕೈಯಿಂದ ಕೋಲು ಅವುಚಿ ಹಿಡಿದು ಕಿರುಚಿದರು, "ಗೌಸ್! ಗೌಸ್! ಲಗೂನ ಬರ್ರಿ ಇಲ್ಲೆ!"

"ಇವರು", ಮಗಳ ಹೆಸರು ಹಿಡಿದು "ಮುಬೀನಾನ ಅಬ್ಬಾ", ನನ್ನ ಮುಂದೆ "ನಿಮ್ಮ ಗೆಳ್ಯಾರು". ನಿನ್ನ ಮಾತು ಬಂದಾಗ ಇಷ್ಟು ವರ್ಷ ಅವರ ಬಾಯಲ್ಲಿ ನಾನು ಕೇಳಿದ್ದು ಇವೇ. ನಿನ್ನ ಹೆಸರು ಹಿಡಿದು ಕರೆದದ್ದನ್ನು ನೀನಾದರೂ ಕೇಳಿದ್ದೆಯಾ? ಬಟ್ಟೆ ಒಗೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮೀನು ಕೊಸರಿಕೊಂಡು ಹೋಯಿತು. ಭಾಬಿ ಸೆರಗು ಸರಿಮಾಡಿಕೊಂಡು, ನಾಚಿ, ನೀರನ್ನೇ ನೋಡುತ್ತಾ ನಿಂತರು. ಆಮೇಲೆ ಇನ್ನೊಂದು ಸಲ ಕರೆದರು, ಪಕ್ಕದಲ್ಲಿದ್ದ ನನಗಷ್ಟೇ ಕೇಳುವಷ್ಟು ಮೆಲ್ಲಗೆ.

ನಿನ್ನ
ಈರಪ್ಪ